ಸಂಜೀ ಜ್ವರಕ್ಕ ಬ್ಯಾಸಿಗೀನೇ ಕಾರಣ ಅನ್ನಬ್ಯಾಡ್ರಿ

ಏಪ್ರಿಲ್ ಬಂತಂದ್ರ ನಮ್ಮ ಆಳಂದದಾಗ ಎಲ್ಲಾ ತ್ರಾಸಿಗೂ ಒಂದೇ ಹೆಸರು: ಉಷ್ಣ. ಕಣ್ಣುರಿ ಬಂದ್ರೂ ಉಷ್ಣ, ತೂಕ ಇಳಿದ್ರೂ ಉಷ್ಣ, ಸಂಜೀಕ ಮೈ ಬೆಚ್ಚಗಾದ್ರೂ ಉಷ್ಣ. ನಮ್ಮ ಓಣಿಯ ಕಾಕು ಒಬ್ಬರು ತಿಂಗಳುಗಟ್ಟಲೆ ಮಜ್ಜಿಗೆ ಕುಡಿದು ನೋಡಿದ್ರು. ಕಡೀಕ ಕಫ ಪರೀಕ್ಷೆ ಮಾಡಿಸಿದಾಗ ಕ್ಷಯ ಅಂತ ಗೊತ್ತಾಯ್ತು. “ಈ ಬಿಸಿಲಾಗ ಟಿಬಿ ಹ್ಯಾಂಗ ಬರ್ತದವ್ವ? ಕೆಮ್ಮು ಥಂಡೀದಲ್ಲೇನು?” ಅಂದ್ರು.

ಪ್ರಶ್ನೆ ಚಲೋ ಅದ. 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ, ನಮ್ಮ ದೇಶದಲ್ಲಿ ಹೆಚ್ಚು ಕ್ಷಯ ಪತ್ತೆಯಾಗೋದು ಏಪ್ರಿಲ್‌ನಿಂದ ಜೂನ್‌ವರೆಗೆ. ಕಡಿಮೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ಈ ಏರಿಳಿತ ಉತ್ತರದಲ್ಲಿ ಜಾಸ್ತಿ, ದಕ್ಷಿಣದಲ್ಲಿ ಕಡಿಮೆ. ಚಳಿಗಾಲದಲ್ಲಿ ಬಾಗಿಲು ಕಿಟಕಿ ಮುಚ್ಚಿ ಎಲ್ಲರೂ ಒಂದೇ ಕೋಣೆಯಲ್ಲಿ ಮಲಗ್ತೀವಿ, ರೋಗಾಣು ಗಾಳಿಯಿಂದಲೇ ಹರಡ್ತದ. ಅದು ಬೆಳೆಯೋದು ಬಲು ನಿಧಾನ, ಒಂದು ಎರಡಾಗಲು ಹೆಚ್ಚುಕಮ್ಮಿ ಒಂದು ದಿನ ಬೇಕು. ಹಂಗಾಗಿ ಚಳಿಯಲ್ಲಿ ಹತ್ತಿದ್ದು ಬೇಸಿಗೆಯಲ್ಲಿ ಕಾಣಿಸಿಕೊಳ್ಳಬಹುದು ಅಂತ ತಜ್ಞರ ಅಂದಾಜು. ಇದಕ್ಕ ನಂದೂ ಒಂದು ಮಾತು ಸೇರಿಸ್ತೀನಿ: ತೊಗರಿ ರಾಶಿ ಮುಗಿಯೋ ತನಕ ನಮ್ಮ ಹೆಣ್ಮಕ್ಕಳು ದವಾಖಾನಿ ಕಡೆ ಮುಖ ಹಾಕ್ತಾರೇನ್ರಿ?

ಚಳಿಗಾಲದಲ್ಲಿ ಬಿಸಿಲು ಕಡಿಮೆಯಾಗಿ ವಿಟಮಿನ್ ಡಿ ಇಳೀತದ, ಅದೂ ಕಾರಣ ಅನ್ನೋರಿದ್ದಾರೆ. ಆದರೆ ಮಂಗೋಲಿಯಾದಲ್ಲಿ ಸುಮಾರು 8,800 ಮಕ್ಕಳ ಮೇಲೆ ನಡೆಸಿದ ಪ್ರಯೋಗದಲ್ಲಿ ವಿಟಮಿನ್ ಡಿ ಕೊಟ್ಟರೂ ಸೋಂಕು ಕಡಿಮೆಯಾಗಲಿಲ್ಲ. 2020ರಲ್ಲಿ ಅದರ ಫಲಿತಾಂಶ ಬಂತು. ಆ ಗುಳಿಗಿ ನಂಬಿ ಕೂಡಬ್ಯಾಡ್ರಿ.

ಇನ್ನು ಜ್ವರ ಸಂಜೀಕೇ ಯಾಕೆ? ಆರೋಗ್ಯವಂತರ ಮೈಶಾಖವೂ ಮುಂಜಾನೆ ಕಡಿಮೆ, ಸಂಜೀಕ ಹೆಚ್ಚು. ಉರಿಯೂತ ತಡೆಯೋ ಕಾರ್ಟಿಸಾಲ್ ಹಾರ್ಮೋನು ಮುಂಜಾನೆ ಹೆಚ್ಚಿರ್ತದ, ಸಂಜೀಕ ಇಳೀತದ. ರೋಗದ ಕಾವು ಇದರ ಮೇಲೆ ಕೂತಾಗ ಸಂಜೆ ಜ್ವರ, ರಾತ್ರಿ ಅದು ಇಳಿಯುವಾಗ ಬೆವರು. ಮುಂಜಾನೆ ಎದ್ದಾಗ ಆರಾಮ ಅನಿಸ್ತದ, ಅದಕ್ಕೇ ದವಾಖಾನಿ ಮುಂದಕ್ಕ ಹೋಗ್ತದ.

ಎರಡು ವಾರ ಕೆಮ್ಮಿದ್ದರೆ ಕಫ ಪರೀಕ್ಷೆ ಮಾಡಿಸ್ರಿ. ಸಕ್ಕರೆ ಕಾಯಿಲೆ ಇದ್ದವರಂತೂ ತಡ ಮಾಡಬಾರದು. ಸರ್ಕಾರಿ ದವಾಖಾನಿಯಲ್ಲಿ ಪರೀಕ್ಷೆ, ಔಷಧ ಎರಡೂ ಪುಕ್ಕಟೆ. ಊಟಕ್ಕಂತ ತಿಂಗಳಿಗೆ 500 ರೂಪಾಯಿ ಕೊಡ್ತಿದ್ದದ್ದು 2024ರ ನವೆಂಬರಿನಿಂದ 1,000 ಆಗಿದೆ. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಗುಳಿಗಿ. ಎರಡು ತಿಂಗಳಿಗೆ ಆರಾಮಾಯ್ತಂತ ಬಿಟ್ಟು ಪುಣೆ, ಮುಂಬೈಗೆ ದುಡಿಯಾಕ ಹೋಗೋರಿಗೆ ರೋಗ ತಿರುಗಿ ಬರ್ತದ. ಹೋಗಲೇಬೇಕಂದ್ರ ದವಾಖಾನಿಗೆ ಹೇಳ್ರಿ, ಅಲ್ಲೇ ಗುಳಿಗಿ ಸಿಗೋಹಂಗ ಮಾಡ್ತಾರ. ಗುಳಿಗಿ ಶುರುವಾದ ಮೇಲೆ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗ್ತದ. ಅದೂ ಉಷ್ಣ ಅಲ್ರಿ, ರಿಫಾಂಪಿಸಿನ್ ಔಷಧದ ಬಣ್ಣ.