ಎತ್ತಿನಗಾಡಿಗೆ ಎಂಟು ಕಾರಿನ ಜಾಗ

ಸವಣೂರಿನ ವೀಳ್ಯದೆಲೆಗೆ ಹೆಸರು ದೊಡ್ಡದು, ಆಯುಷ್ಯ ಮಾತ್ರ ಕಡಿಮೆ. ಅದು ಬೆಳಗಾವಿಗೆ ಹೊರಟರೆ ಪುಣೆ-ಬೆಂಗಳೂರು ಹೆದ್ದಾರಿ ಸೇರಿ ಹುಬ್ಬಳ್ಳಿಯವರೆಗೆ ಸಲೀಸಾಗಿ ಸಾಗುತ್ತದೆ. ಆದರೆ ಮುಂದೆ ಗಬ್ಬೂರಿನಿಂದ ನರೇಂದ್ರದವರೆಗಿನ ಸುಮಾರು 30 ಕಿ.ಮೀ. ಬೈಪಾಸ್ ಬಹುಕಾಲ ಎರಡೇ ಪಥದ್ದಾಗಿತ್ತು. ಅದರ ಎರಡೂ ತುದಿಗೆ ನಾಲ್ಕು ಪಥ. ಲಾಳಿಕೆಯ ಕೊರಳಲ್ಲಿ ಎಣ್ಣೆ ನಿಂತ ಹಾಗೆ ವಾಹನಗಳು ನಿಲ್ಲುತ್ತಿದ್ದವು.

ಒಂದು ಪಥ ಎಷ್ಟು ವಾಹನ ತಾಳೀತು? ಒಂದರ ಹಿಂದೊಂದು 2 ಸೆಕೆಂಡು ಅಂತರವಿರಬೇಕು ಎಂದಿಟ್ಟುಕೊಳ್ಳಿ. ಗಂಟೆಗೆ 3,600 ಸೆಕೆಂಡು, ಅಂದರೆ 1,800 ವಾಹನ. ವೇಗ ಹೆಚ್ಚಿಸಿದರೂ ಈ ಸಂಖ್ಯೆ ಏರದು. ನಡುವಿನ ದೂರ ಹೆಚ್ಚುತ್ತದೆ, ಅಷ್ಟೆ. ಎರಡು ಪಥದ ರಸ್ತೆಯಲ್ಲಿ ಮುಂದಿನ ಲಾರಿ ದಾಟಲು ಎದುರಿನವರ ಪಥಕ್ಕೇ ನುಗ್ಗಬೇಕು. ಹೀಗಾಗಿ ಅಲ್ಲಿ ಸಾಮರ್ಥ್ಯ ಇನ್ನೂ ಕಡಿಮೆ, ಅಪಾಯ ಹೆಚ್ಚು.

ಇಂಡಿಯನ್ ರೋಡ್ಸ್ ಕಾಂಗ್ರೆಸ್ 1990ರಲ್ಲಿ ಇದಕ್ಕೊಂದು ಅಳತೆ ಕೊಟ್ಟಿತು. ಕಾರು 1 ಎಂದರೆ ಲಾರಿ 3, ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್ 4.5, ಎತ್ತಿನಗಾಡಿ 8! ಗಾಡಿ ಗಾತ್ರದಲ್ಲಿ ದೊಡ್ಡದೆಂದಲ್ಲ, ಅದರ ಹಿಂದೆ ಅಷ್ಟು ವಾಹನ ಕಾಯುತ್ತವೆ. ಬಯಲು ಸೀಮೆಯ ಎರಡು ಪಥಕ್ಕೆ ದಿನಕ್ಕೆ 15,000, ನಾಲ್ಕು ಪಥಕ್ಕೆ 35,000 ಕಾರಿನ ಲೆಕ್ಕ. ಪಥ ಇಮ್ಮಡಿಯಾದರೆ ಸಾಮರ್ಥ್ಯ ಇಮ್ಮಡಿಗಿಂತ ಹೆಚ್ಚು. ಯಾಕೆಂದು ಮಕ್ಕಳೇ ಯೋಚಿಸಲಿ. ಉತ್ತರ ಮೇಲೆಯೇ ಇದೆ.

ಇನ್ನು ಹಣದ ಮಾತು. 1998ರಲ್ಲಿ ಪೆಟ್ರೋಲಿಗೆ, ಮರುವರ್ಷ ಡೀಸೆಲ್ಲಿಗೆ ಲೀಟರಿಗೆ 1 ರೂಪಾಯಿ ಸೆಸ್ ಬಂತು. 5,846 ಕಿ.ಮೀ. ಸುವರ್ಣ ಚತುಷ್ಪಥಕ್ಕೆ ಬಲ ಕೊಟ್ಟದ್ದು ಇಂಥ ದುಡ್ಡು. ಬೈಪಾಸಿನ ದಾರಿ ಬೇರೆ. ಖಾಸಗಿಯವರು ಕಟ್ಟಿ, ದೀರ್ಘ ಒಪ್ಪಂದದ ಮೇಲೆ ಸುಂಕ ವಸೂಲು ಮಾಡಿದರು. ಸರ್ಕಾರದ ಬೊಕ್ಕಸಕ್ಕೆ ಭಾರ ತಪ್ಪಿತು ನಿಜ. ಆದರೆ ವರ್ಷಕ್ಕೆ ಶೇ. 7.5ರಂತೆ ಸಂಚಾರ ಬೆಳೆದರೂ ಹತ್ತು ವರ್ಷಕ್ಕೆ ಇಮ್ಮಡಿಯಾಗುತ್ತದೆ. (1.075 ಅನ್ನು ಹತ್ತು ಸಲ ಗುಣಿಸಿ ನೋಡಿ.) ರಸ್ತೆ ಇದ್ದಷ್ಟೇ ಇತ್ತು, ಒಪ್ಪಂದವೇ ಅಗಲೀಕರಣಕ್ಕೆ ತೊಡಕಾಯಿತು.

2021ರ ಜನವರಿ 15ರ ಬೆಳಗ್ಗೆ ಇಟಿಗಟ್ಟಿ ಬಳಿ, ಗೋವಾಕ್ಕೆ ಹೊರಟಿದ್ದ ದಾವಣಗೆರೆಯ ಗೆಳತಿಯರ ವಾಹನಕ್ಕೂ ಟಿಪ್ಪರಿಗೂ ಡಿಕ್ಕಿಯಾಯಿತು. ಹತ್ತಕ್ಕೂ ಹೆಚ್ಚು ಜನ ತೀರಿಕೊಂಡರು. ಆರು ಪಥದ ಶಂಕುಸ್ಥಾಪನೆ ನಡೆದದ್ದು ಅನಂತರ, 2022ರ ಫೆಬ್ರವರಿ 28ರಂದು.

ಸವಣೂರಿನ ಮಕ್ಕಳು ಒಂದು ಭಾನುವಾರ ತಮ್ಮೂರ ರಸ್ತೆಯಲ್ಲಿ ಒಂದು ಗಂಟೆ ವಾಹನ ಎಣಿಸಿ, ಮೇಲಿನ ಅಂಕಿಗಳಿಂದ ಗುಣಿಸಿ ಕೂಡಿಸಲಿ. ಎಣಿಸುವಾಗ ರಸ್ತೆಯಂಚಿನಲ್ಲಿ ಬೇಡ, ದೂರದ ಕಟ್ಟೆಯ ಮೇಲೆ ಕೂರಲಿ.