ಚಕ್ಕುಲಿ ಕಡಿಯುವಾಗ ಮನಸ್ಸು ಎಲ್ಲಿ?

ಗೋಕುಲಾಷ್ಟಮಿಯ ಮರುದಿನ ಕೆಸರೆಯ ನಮ್ಮ ಮನೆಗೆ ಪಾಠಕ್ಕೆ ಬಂದ ಹತ್ತನೆಯ ತರಗತಿಯ ಹುಡುಗನ ಒಂದು ಕೈಯಲ್ಲಿ ಚಕ್ಕುಲಿ, ಇನ್ನೊಂದರಲ್ಲಿ ಮೊಬೈಲ್. "ಹಾಡು ಕೇಳ್ತಾನೇ ಓದ್ತೀನಿ ಸಾರ್, ಎರಡೂ ತಲೆಗೆ ಹೋಗುತ್ತೆ" ಎಂದ. ಜೊತೆಗಿದ್ದ ತಾಯಿ, "ಇವನಿಗೆ ಓದಿನಲ್ಲಿ ಮನಸ್ಸೇ ಇಲ್ಲ" ಎಂದು ನಿಟ್ಟುಸಿರು ಬಿಟ್ಟರು.

ಇದೇ ಚಕ್ಕುಲಿಯನ್ನು ಮುಂದಿಟ್ಟುಕೊಂಡು ನಮ್ಮ ದಾರ್ಶನಿಕರು ಶತಮಾನಗಳ ಹಿಂದೆಯೇ ವಾದ ಹೂಡಿದ್ದರು! ಸಂಸ್ಕೃತದಲ್ಲಿ ಅದು ಶಷ್ಕುಲಿ. ನಮ್ಮ ಮಾತು ಬಂದದ್ದು ಅಲ್ಲಿಂದಲೇ. ಉದ್ದನೆಯ ಶಷ್ಕುಲಿಯನ್ನು ಕಡಿದಾಗ ಬಣ್ಣ, ವಾಸನೆ, ರುಚಿ, ಸ್ಪರ್ಶ, ಕುರುಕುರು ಸದ್ದು ಐದೂ ಒಟ್ಟಿಗೇ ತಿಳಿಯುವುದಿಲ್ಲವೆ? ಇಲ್ಲ ಎನ್ನುತ್ತಾರೆ ನ್ಯಾಯದರ್ಶನದವರು. ಮನಸ್ಸು ಅಣುಗಾತ್ರದ್ದು, ಒಂದು ಸಲಕ್ಕೆ ಒಂದೇ ಇಂದ್ರಿಯವನ್ನು ಕೂಡಬಲ್ಲದು. ಕೊಳ್ಳಿಯನ್ನು ರಭಸದಿಂದ ತಿರುಗಿಸಿದರೆ ಬೆಂಕಿಯ ಚಕ್ರ ಕಾಣುವುದಿಲ್ಲವೆ, ಹಾಗೆ ಅದರ ಓಟದ ವೇಗಕ್ಕೆ ಎಲ್ಲವೂ ಒಮ್ಮೆಗೇ ಆದಂತೆ ತೋರುತ್ತದೆ. ಅವರಿಗೆ ಮನಸ್ಸು ಕಣ್ಣು ಕಿವಿಗಳಂತೆ ಒಂದು ಸಾಧನ, ಅರಿಯುವುದು ಆತ್ಮ. ಫ್ರಾನ್ಸಿನ ಡೆಕಾರ್ಟ್ 1641ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅರಿಯುವುದೇ ಮನಸ್ಸು. 'ಮೈಂಡ್' ಎಂಬುದನ್ನು ನಾವು 'ಮನಸ್ಸು' ಎಂದು ಅನುವಾದಿಸುವಾಗ ಈ ವ್ಯತ್ಯಾಸ ಜಾರಿಹೋಗುತ್ತದೆ.

ನಮ್ಮ ಮಹಾರಾಜಾ ಕಾಲೇಜಿನಲ್ಲಿ ಈ ಎರಡು ದಾರಿಗಳೂ ಅಕ್ಕಪಕ್ಕದಲ್ಲಿದ್ದವು. ಪ್ರೊ. ಎಂ. ಹಿರಿಯಣ್ಣನವರು ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮಾಡಿದ ಪಾಠಗಳೇ 1932ರಲ್ಲಿ ಭಾರತೀಯ ದರ್ಶನಗಳ ಪ್ರಸಿದ್ಧ ಇಂಗ್ಲಿಷ್ ಗ್ರಂಥವಾದವು. ಲಂಡನ್ನಿನಲ್ಲಿ ಸ್ಪಿಯರ್‌ಮನ್ನರ ಬಳಿ ಕಲಿತು ಬಂದ ಡಾ. ಎಂ.ವಿ. ಗೋಪಾಲಸ್ವಾಮಿಯವರು 1924ರಲ್ಲಿ ಮನಶ್ಶಾಸ್ತ್ರ ವಿಭಾಗ ಕಟ್ಟಿದರು. (1935ರಲ್ಲಿ ತಮ್ಮ ಮನೆಯಿಂದಲೇ 'ಆಕಾಶವಾಣಿ' ಆರಂಭಿಸಿದವರೂ ಇವರೇ.)

ಹುಡುಗನ ಮುಂದೆ ಗಡಿಯಾರ ಹಿಡಿದೆ. ಒಂದರಿಂದ ಹತ್ತು ಎಣಿಸಿ, ಆಮೇಲೆ 'ಕ'ದಿಂದ 'ಞ'ವರೆಗೆ ಹೇಳಲು ಎಂಟು ಸೆಕೆಂಡು. ಬೆರೆಸಿ ಹೇಳು, ಒಂದು-ಕ, ಎರಡು-ಖ ಅಂದೆ. 'ಆರು' ಎಂದವನು ತಡವರಿಸಿದ, ಇಪ್ಪತ್ತೊಂದು ಸೆಕೆಂಡು! ನೀವೂ ಮನೆಯಲ್ಲಿ ಮಾಡಿ ನೋಡಿ. ಕೂಡುವ, ಕಳೆಯುವ ಲೆಕ್ಕಗಳನ್ನು ಅದಲುಬದಲಾಗಿ ಕೊಟ್ಟರೆ ಹೆಚ್ಚು ಹೊತ್ತು ಹಿಡಿಯುತ್ತದೆಂದು ಅಮೆರಿಕದ ಜರ್ಸಿಲ್ಡ್ 1927ರಲ್ಲೇ ಅಳೆದು ತೋರಿಸಿದ್ದರು.

ಹಾಗೆಂದು ನಮ್ಮವರಿಗೆ ಎಲ್ಲವೂ ಮೊದಲೇ ಗೊತ್ತಿತ್ತು ಎಂದು ನಾನು ಹೇಳಲಾರೆ. ಅಣುಗಾತ್ರದ ಮನಸ್ಸು ಯಾವ ಮಿದುಳಿನಲ್ಲೂ ಸಿಕ್ಕಿಲ್ಲ. ನೋಟ, ಸದ್ದುಗಳನ್ನು ಮಿದುಳು ಏಕಕಾಲದಲ್ಲೇ ಅರಗಿಸುತ್ತದೆ. ಇಕ್ಕಟ್ಟಾಗುವುದು ಗಮನವಿಟ್ಟು ತೀರ್ಮಾನಿಸುವ ಘಟ್ಟದಲ್ಲಿ. ಆದರೆ ಆ ರುಚಿ 'ನನಗೆ' ರುಚಿಯೆನಿಸುವುದು ಏಕೆ? ತತ್ತ್ವಜ್ಞಾನಿ ಚಾಮರ್ಸ್ 1995ರಲ್ಲಿ 'ಕಠಿಣ ಸಮಸ್ಯೆ' ಎಂದು ಕರೆದ ಈ ಪ್ರಶ್ನೆ ಇಂದಿಗೂ ಹಾಗೆಯೇ ಇದೆ.

ಹುಡುಗ ಮೊಬೈಲನ್ನು ತಾಯಿಯ ಕೈಗೆ ಕೊಟ್ಟು, "ನೀನು ಹೇಳಮ್ಮ ನೋಡೋಣ" ಎಂದ. ಅವರು 'ಏಳು' ಎಂದು ನಿಲ್ಲಿಸಿ, ಮುಂದಿನ ಅಕ್ಷರ ಯಾವುದೋ ಎಂದು ಮಗನನ್ನೇ ಕೇಳಿದರು.