ಬಟ್ಟಲಿನ ಮೇಲಣ ಉಡುಪು

ಪಿಂಗಾಣಿಯ ಕಾಫಿ ಬಟ್ಟಲುಗಳ ಮೇಲೆ ಹಳೆಯ ಮುದ್ರಾಚಿತ್ರಗಳನ್ನು ಅಚ್ಚೊತ್ತಿಸಿ, ‘ಭಾರತದ ಸಾಂಪ್ರದಾಯಿಕ ಉಡುಪು’ ಎಂಬ ಹೆಸರಿನಿಂದ ಮಾರುವ ವ್ಯಾಪಾರವು ಇತ್ತೀಚೆಗೆ ಚೆನ್ನಾಗಿ ಬೆಳೆದಿದೆ. ಮದುವೆ, ಗೃಹಪ್ರವೇಶಗಳ ಉಡುಗೊರೆಯಾಗಿ ಬಂದ ಇಂತಹ ಬಟ್ಟಲುಗಳು ವಿದ್ಯಾವಂತರ ಮನೆಗಳ ಗಾಜಿನ ಕಪಾಟುಗಳಲ್ಲಿ ಸಾಲಾಗಿ ನಿಂತಿವೆ. ಇದನ್ನು ಪೂರ್ವಿಕರ ಉಡುಗೆಯ ಮೇಲಣ ಗೌರವವೆಂದು ಹಲವರು ತಿಳಿದಿದ್ದಾರೆ. ಇದು ಗೌರವವೇ ಅಹುದೋ ಎಂಬುದನ್ನು ವಿಚಾರಿಸತಕ್ಕುದು.

ಮೊದಲು ಚಿತ್ರಗಳ ಪೂರ್ವೋತ್ತರವನ್ನು ನೋಡಬೇಕು. ಆಂಟ್ವರ್ಪ್ ನಗರದ ಬಾಲ್ತಜಾರ್ ಸಾಲ್ವಿನ್ಸನು 1791ರಲ್ಲಿ ಕಲ್ಕತ್ತೆಗೆ ಬಂದು, ವಂಗದೇಶದ ಜನರನ್ನು ಕಣ್ಣಾರೆ ನೋಡಿ, 250 ಚಿತ್ರಗಳನ್ನು ತಾಮ್ರದ ಪಟಗಳಲ್ಲಿ ಕೊರೆದು, ಆ ಶತಮಾನದ ಕೊನೆಯ ವರ್ಷಗಳಲ್ಲಿ ಅಲ್ಲಿಯೇ ಪ್ರಕಟಿಸಿದನು. ಯಾರ ಕುಲವೇನು, ಕಸುಬೇನು, ಹಿಡಿದ ವಾದ್ಯವಾವುದು ಎಂಬುದು ಅವನಿಗೆ ಮುಖ್ಯವಾಗಿತ್ತು. ಅವನ ಮಂಕುಬಣ್ಣಗಳು ಕೊಳ್ಳುವವರಿಗೆ ರುಚಿಸಲಿಲ್ಲ. ಅವನಿಗೆ ನಷ್ಟವೇ ಆಯಿತು. ಇತ್ತ ಲಂಡನ್ನಿನ ಎಡ್ವರ್ಡ್ ಓರ್ಮನು ಅವನ ಅಪ್ಪಣೆಯನ್ನೇ ಕೇಳದೆ 60 ಚಿತ್ರಗಳನ್ನು ಎತ್ತಿಕೊಂಡು, ಬಣ್ಣಗಳನ್ನು ಬೆಳಗಿಸಿ, 1804ರಿಂದ ಅಚ್ಚುಹಾಕಿಸಿದನು. ಕಂಡವನ ಚಿತ್ರವು ಬಿದ್ದುಹೋಯಿತು. ಕಾಣದವನ ನಕಲು ಮೆರೆಯಿತು. ಪ್ಯಾರಿಸ್ಸಿನ ರಾಸಿನೆ ಎಂಬಾತನು 1876ರಿಂದ 1888ರ ವರೆಗೆ ಹೊರತಂದ ಜಗತ್ತಿನ ಉಡುಪುಗಳ ಗ್ರಂಥದಲ್ಲಿ ಭಾರತದ ಪಟಗಳೂ ಉಂಟು. ಅವು ಬಹುಮಟ್ಟಿಗೆ ಪರರ ಚಿತ್ರಗಳನ್ನೂ ಸಂಗ್ರಹಗಳನ್ನೂ ನೋಡಿ ಮಾಡಿದುವು. ಇಂತಹ ನಕಲನ್ನು ಕತ್ತರಿಸಿ ಬಟ್ಟಲಿಗೆ ಸುತ್ತುವಾಗ ಚಿತ್ರಕಾರನ ಹೆಸರು, ಇಸವಿ, ಊರು, ಕಸುಬು ಎಲ್ಲವೂ ಕತ್ತರಿಯ ಹೊರಗೆ ಉಳಿಯುತ್ತವೆ. ಹೂಗ್ಲಿಯ ದಡದ ಒಬ್ಬ ಕಸುಬುದಾರನು ಇಡೀ ಭಾರತವಾಗಿಬಿಡುತ್ತಾನೆ.

ಇದಕ್ಕಿಂತ ಕಹಿಯಾದುದು ಫಾರ್ಬ್ಸ್ ವಾಟ್ಸನ್ನನ ಸಂಗತಿ. ಭಾರತದ ಉತ್ಪನ್ನಗಳ ಸಮಾಚಾರವನ್ನು ಸರಕಾರಕ್ಕೆ ಒದಗಿಸುವ ಕೆಲಸದಲ್ಲಿದ್ದ ಈತನು 1866ರಲ್ಲಿ ಇಲ್ಲಿಯ ಬಟ್ಟೆಗಳ 700 ತುಂಡುಗಳನ್ನು 18 ಸಂಪುಟಗಳಲ್ಲಿ ಅಂಟಿಸಿ, ಅಂತಹ 20 ಜೊತೆಗಳನ್ನು ಸಿದ್ಧಮಾಡಿಸಿದನು. 13 ಬ್ರಿಟನ್ನಿಗೆ, 7 ಭಾರತಕ್ಕೆ. ಉದ್ದೇಶವನ್ನು ಆತನು ಮುಚ್ಚಿಡಲಿಲ್ಲ: ಇಲ್ಲಿಯವರು ಏನನ್ನು ಉಡುತ್ತಾರೆಂಬುದನ್ನು ಅಲ್ಲಿಯ ಗಿರಣಿಯವರು ಅರಿತು, ಅದರಂತೆಯೇ ನೇಯ್ದು ಇಲ್ಲಿಗೇ ಮಾರಬೇಕು. ರುಮಾಲು, ಧೋತ್ರ, ಸೀರೆಗಳು ಕತ್ತರಿ ಸೂಜಿಗಳ ಸೋಂಕಿಲ್ಲದೆ ಮಗ್ಗದಿಂದ ಇಳಿದಂತೆಯೇ ಉಡುವ ವಸ್ತ್ರಗಳೆಂಬುದನ್ನು ಆತನು ಬಲ್ಲವನಾಗಿದ್ದನು. ಮುಂದೆ 1868ರಿಂದ 1875ರ ವರೆಗೆ ಕೇಯ್ ಎಂಬಾತನೊಡನೆ ಭಾರತದ ಜನರ ಛಾಯಾಚಿತ್ರಗಳ ಎಂಟು ಸಂಪುಟಗಳನ್ನೂ ಹೊರತಂದನು. ಆಳುವವನ ತನಿಖೆಗೆ ಮನುಷ್ಯರ ಪಟ, ವ್ಯಾಪಾರಿಯ ತನಿಖೆಗೆ ಬಟ್ಟೆಯ ತುಂಡು!

ಆದರೂ ಒಂದು ಮಾತು. ನೇಕಾರನ ಅನ್ನವನ್ನು ಕಸಿಯಲು ಹೊರಟ ಆ ವಾಟ್ಸನ್ನನು ಬಟ್ಟೆಯ ಉದ್ದ, ಅಗಲ, ತೂಕ, ಬೆಲೆ, ದೊರೆತ ಊರು, ಇವನ್ನು ಬರೆದಿಟ್ಟನು. ಪರಂಪರೆಯ ಹೆಸರನ್ನು ಹೇಳಿ ಬಟ್ಟಲು ಮಾರುವವರು ಅಷ್ಟನ್ನೂ ಬರೆಯರು. ಶತ್ರುವಿನ ದಫ್ತರವು ಭಕ್ತನ ಸ್ತೋತ್ರಕ್ಕಿಂತ ಪ್ರಾಮಾಣಿಕವಾಗಿರುವುದು ಎಂತಹ ಚೋದ್ಯ!

‘ಚಿತ್ರ ಅಂದವಾಗಿದೆ, ಯಾರ ಹಕ್ಕೂ ಉಳಿದಿಲ್ಲ, ಅಚ್ಚುಹಾಕಿದರೆ ತಪ್ಪೇನು?’ ಎಂದು ಕೇಳುವವರಿದ್ದಾರೆ. ಹಕ್ಕು ತೀರಿರುವುದು ನಿಜ. ಆದರೆ ಹಕ್ಕಿನ ಕಾಲ ಮುಗಿದೊಡನೆ ಹೆಸರು ಹೇಳುವ ಮರ್ಯಾದೆಯೂ ಮುಗಿಯಿತೆಂದು ಯಾವ ಕಾಯಿದೆಯೂ ವಿಧಿಸಿಲ್ಲ. ಅಂದದ ಮಾತಿಗೆ ಬಂದರೆ, ಕಾಗದದ ಮೇಲಣ ಬಣ್ಣವನ್ನು ಕಾವಿನಿಂದ ಪಾಲಿಮರ್ ಲೇಪದೊಳಕ್ಕೆ ಇಳಿಸಿದ ಚಿತ್ರದಲ್ಲಿ ಸೀರೆಯ ಅಂಚು ಹಿಡಿಯ ಬಳಿ ತುಂಡಾಗುತ್ತದೆ. ದಿನವೂ ತಿಕ್ಕಿ ತೊಳೆದರೆ ಮುಖವೂ ಮಾಸುತ್ತದೆ. ಎಂಜಲಿಗೆ ಅಂಜಿ ಲೋಟವನ್ನು ಎತ್ತಿ ಕುಡಿಯುತ್ತಿದ್ದ ಮನೆಗಳಲ್ಲಿ, ಹೆಸರಿಲ್ಲದ ಒಬ್ಬ ಹೆಂಗಸಿನ ಮುಖಕ್ಕೆ ದಿನಕ್ಕೆರಡು ಬಾರಿ ತುಟಿ ತಾಗುತ್ತಿರುವುದನ್ನು ಅಜ್ಜಿಯಂದಿರು ಕಂಡಿದ್ದರೆ ಏನೆನ್ನುತ್ತಿದ್ದರೋ.

ಉಡುಗೆಯೆಂಬುದು ಉಡುವ ಬಗೆಯಲ್ಲಿದೆ, ನೇಯುವ ಬಗೆಯಲ್ಲಿದೆ. ಕೊಡಗಿನ ಹೆಂಗಸು ನೆರಿಗೆಯನ್ನು ಬೆನ್ನಿನ ಕಡೆಗೆ ಕಟ್ಟುತ್ತಾಳೆ. ಇಳಕಲ್ಲಿನ ನೇಕಾರನು ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಎಳೆಯೆಳೆಯಾಗಿ ಕೊಂಡಿ ಹಾಕಿ ಜೋಡಿಸುತ್ತಾನೆ. ಧಾರವಾಡದ ಕಡೆಯ ಕಸೂತಿಯಲ್ಲಿ ಗಂಟಿಲ್ಲದೆ ಎಳೆ ಎಣಿಸಿ ಗೋಪುರವನ್ನೂ ತೇರನ್ನೂ ಎಬ್ಬಿಸುತ್ತಾರೆ. ಇವರೆಲ್ಲ ಕಲ್ಕತ್ತೆಯ ಪಟದಲ್ಲಿಯೂ ಪ್ಯಾರಿಸ್ಸಿನ ಪಟದಲ್ಲಿಯೂ ಸಿಕ್ಕುವವರಲ್ಲ. ಬಟ್ಟಲನ್ನು ಕಪಾಟಿನ ಮುಂದಕ್ಕೆ ಸರಿಸಿಟ್ಟ ಗೃಹಿಣಿಯ ಪೆಟ್ಟಿಗೆಯ ತಳದಲ್ಲಿ ಅತ್ತೆಯ ಕಾಲದ ಇಳಕಲ್ ಸೀರೆಯು ಮಡಿಕೆಯಲ್ಲಿಯೇ ಬಿರಿಯುತ್ತಿದ್ದರೆ, ಅದರ ಸೆರಗಿನ ಹೆಸರನ್ನು ಮಗಳಿಗೆ ಹೇಳಿಕೊಟ್ಟವರು ಯಾರು?

ಮಾರಾಟವನ್ನು ನಿಲ್ಲಿಸಬೇಕೆಂದು ಯಾರೂ ಕೇಳುವುದಿಲ್ಲ. ಬಟ್ಟಲಿನ ತಳದಲ್ಲಿ ‘ತೊಳೆಯುವ ಯಂತ್ರಕ್ಕೆ ಹಾಕಬಹುದು’ ಎಂದು ಅಚ್ಚುಹಾಕಲು ಸ್ಥಳವುಂಟು. ಅದರ ಮೇಲೆಯೇ ಇನ್ನೆರಡು ಸಾಲು ಹಿಡಿಸುತ್ತದೆ. ಬರೆದವನಾರು, ಯಾವ ವರ್ಷ, ಯಾವ ಊರಿನ ಯಾವ ಕಸುಬಿನವರ ಚಿತ್ರ, ಅಸಲೋ ನಕಲೋ: ಇಷ್ಟನ್ನು ಅಲ್ಲಿ ನಮೂದಿಸಲಿ. ನಮೂದಿಸದ ಬಟ್ಟಲನ್ನು ಕೊಳ್ಳುವವರು ಅಂಗಡಿಗೆ ಹಿಂದಿರುಗಿಸಲಿ.